ಮೊಮ್ಮಗಳು ಬಂದ ದಾರಿ

ಮೊಮ್ಮಗಳು ಬಂದಳು! ಎರಡು ಕಿಲೋ ಏಳುನೂರು ಗ್ರಾಂ, ತಲೆ ತುಂಬ ಕೂದಲು, ಬಲಗಿವಿಯ ಹಿಂದೆ ಸಾಸಿವೆ ಕಾಳಿನಷ್ಟು ಒಂದು ಮಚ್ಚೆ. ತಾಯಿ, ಕೂಸು ಇಬ್ಬರೂ ಸುಖವಾಗಿದ್ದಾರೆ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದುವಾಗ ನಿಮ್ಮ ಎದೆ ಹೊಡೆದುಕೊಳ್ಳಬಾರದು. ನನ್ನದು ಬೇಕಾದಷ್ಟು ಹೊಡೆದುಕೊಂಡಿದೆ. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದಲ್ಲಿ ನೀವೇ ತಿದ್ದಿಕೊಂಡು ಓದಿರಿ.

ನಾವು ಇಳಕಲ್ಲಿನ ನೇಕಾರರು. ಮಗಳು ಸಾವಿತ್ರಿಯನ್ನು ಬಾದಾಮಿ ಕಡೆ, ಶಿವಯೋಗ ಮಂದಿರದ ಆಚೆ, ಮಲಪ್ರಭೆಯ ದಂಡೆಯ ಒಂದು ಊರಿಗೆ ಕೊಟ್ಟಿದ್ದೇವೆ. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಏಳನೆಯ ತಿಂಗಳಲ್ಲಿ ಕರೆತರಬೇಕು, ಇಲ್ಲವೇ ಒಂಬತ್ತನೆಯದು ಹತ್ತಿದ ಮೇಲೆ. ಎಂಟರಲ್ಲಿ ನಮ್ಮ ಕಡೆ ಕರೆಯುವುದಿಲ್ಲ. ಏಳರಲ್ಲಿ ದೀಪಾವಳಿ ಸೀರೆಗಳ ಗಡಿಬಿಡಿ, ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೇಳಲು ಆಗಲಿಲ್ಲ. ಎಂಟು ಕಳೆಯಲಿ ಎಂದು ಕಾಯ್ದೆ.

ಕಾಯ್ದದ್ದು ಹೇಗೆ ಎಂಬುದನ್ನೂ ಹೇಳಬೇಕು. ನಮ್ಮ ಮನೆಯ ಗೋಡೆಯ ಮೇಲೆ ಕ್ಯಾಲೆಂಡರ್ ಇದೆ, ಆದರೆ ನಾನು ದಿನ ಎಣಿಸುವುದು ಮಗ್ಗದ ಮೇಲೆ. ಮೂರು ಸೀರೆಗಾಗುವಷ್ಟು ಉದ್ದದ ನೂಲಿಗೆ ಒಂದು ಹಾಸು ಅನ್ನುತ್ತೇವೆ. ನನ್ನ ಕೈಯಲ್ಲಿ ಒಂದು ಹಾಸು ನೇಯ್ದು ಮುಗಿಯಿತೆಂದರೆ ಒಂದು ತಿಂಗಳು. ಸಾವಿತ್ರಿಗೆ ಎರಡು ತಿಂಗಳಾಗಿವೆ ಎಂಬ ಸುದ್ದಿ ಬಂದ ದಿನವೇ ಹೊಸ ಹಾಸು ಏರಿಸಿದ್ದೆ. ಅಲ್ಲಿಂದ ಆರು ಹಾಸು ಇಳಿದವು. ಎರಡು ಮತ್ತು ಆರು, ಎಂಟು. ಆರನೆಯದರ ಕೊನೆಯ ಸೀರೆ ಮಡಿಚಿಟ್ಟ ಮರುದಿನ ನಾನೂ ನನ್ನ ಹೆಂಡತಿ ಶಾಂತವ್ವನೂ ಏಳು ಗಂಟೆಯ ಬಸ್ಸು ಹತ್ತಿದೆವು.

ಬಾದಾಮಿವರೆಗೆ ತಲೆಗೆ ನಲವತ್ತರ ಆಸುಪಾಸು ಟಿಕೀಟು. ಹುನಗುಂದ ದಾಟುವಾಗ ಇನ್ನೂ ಚಳಿ, ಶಾಂತವ್ವ ಸೆರಗನ್ನು ಕಿವಿಗೆ ಬಿಗಿದು ಕುಳಿತಿದ್ದಳು. ಅಮೀನಗಡದಲ್ಲಿ ಇಳಿದು ಬೀಗರಿಗೆ ಕರದಂಟು ಕೊಂಡೆವು. ಕಮತಗಿ, ಗುಳೇದಗುಡ್ಡ ಆದ ಮೇಲೆ ಕೆಂಪು ಬಂಡೆಗಳು ಕಾಣತೊಡಗಿದವು. ಬಾದಾಮಿಯಿಂದ ಟಂಟಂ ಆಟೋ ಹಿಡಿದು ಮಧ್ಯಾಹ್ನ ಊರು ಮುಟ್ಟಿದೆವು.

ಅಳಿಯ ಮಹಾಂತೇಶ ಉಳ್ಳಾಗಡ್ಡಿ ಮಾರಲು ಹೋಗಿದ್ದ, ಬರುವುದು ಮರುದಿನ. ಮನೆಯಲ್ಲಿ ಅವನ ತಾಯಿ ಬಸವ್ವ, ನಮ್ಮ ಬೀಗತಿ. ನೀರು ಕೊಟ್ಟು, ಚಹಾ ಕೊಟ್ಟು, ಆಮೇಲೆ ಗೋಡೆಯ ಗೂಡಿನಿಂದ ಸಾವಿತ್ರಿಯ ದವಾಖಾನೆ ಕಾರ್ಡು ತೆಗೆದು ನನ್ನ ಮುಂದಿಟ್ಟರು.

“ಬೀಗರ, ಈಗ ಕರಕೊಂಡ ಹೋಗಬ್ಯಾಡ್ರಿ. ದಿನಾ ತುಂಬ್ಯಾವ. ಇಲ್ಲಾದ್ರ ಬಾದಾಮಿ ದವಾಖಾನಿ ಹತ್ರ ಐತಿ. ನಮ್ಮೂರ ಸಿಸ್ಟರ ಇದರಾಗ ತಾರೀಖ ಬರದಾರ ನೋಡ್ರಿ.”

“ಸಿಸ್ಟರ ಬರದದ್ದು ಅಂದಾಜು. ನಾ ಮಗ್ಗದ ಮ್ಯಾಲೆ ಎಣಿಸೇನಿ. ಒಂಬತ್ತು ಈಗ ಹತ್ತೈತಿ.”

“ಅಯ್ಯ! ಬಸುರು ನಿಮ್ಮ ಮಗ್ಗಕ್ಕ ಆಗೈತೋ, ನನ್ನ ಸೊಸಿಗೆ ಆಗೈತೋ?”

ಶಾಂತವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ಸಿಟ್ಟು ಬಂತು. “ಉಳ್ಳಾಗಡ್ಡಿ ಕೀಳೂ ಹೊತ್ತಲ್ಲ, ಆಳು ಕಡಿಮಿ ಬೀಳತೈತಿ ಅಂತ ಬಿಡವಲ್ರಿ” ಎಂದುಬಿಟ್ಟೆ. ಬಸವ್ವ ಎದ್ದು ಒಳಗೆ ಹೋದರು. ಸಾವಿತ್ರಿ ಬಾಗಿಲಲ್ಲಿ ನಿಂತು, “ಯಪ್ಪಾ, ಅತ್ತಿ ಹೇಳೂದು ಖರೆ ಇದ್ರೂ ಇರಬೌದು” ಅಂದಳು. “ನೀ ಸುಮ್ನಿರವ್ವ” ಅಂದೆ. ಮಾರನೆಯ ಬೆಳಿಗ್ಗೆ ಮಗಳ ಗಂಟು ಎತ್ತಿಕೊಂಡು ಹೊರಟೆ. ಕಾರ್ಡು ಗೂಡಿನಲ್ಲೇ ಉಳಿಯಿತು. ಅದನ್ನು ಕೇಳಿ ಇಸಿದುಕೊಂಡರೆ ನಾನು ಸೋತಂತೆ ಅನ್ನಿಸಿತ್ತು.

ಬಸ್ಸು ಗುಳೇದಗುಡ್ಡ ಬಿಟ್ಟು ಸ್ವಲ್ಪ ದೂರ ಬಂದಿತ್ತು. ಸಾವಿತ್ರಿ ಮುಂದಿನ ಸೀಟಿನ ಸರಳು ಹಿಡಿದು ಬಾಗಿದಳು. ಮುಖದ ಮೇಲೆ ಬೆವರು.

“ಯವ್ವಾ, ನಡಾ ಹಿಡೀತು.”

“ಬಸ್ಸಿನ ಕುಲುಕಾಟಕ್ಕವ್ವ” ಎಂದು ಶಾಂತವ್ವ ಬೆನ್ನು ತಿಕ್ಕಿದಳು. ನೋವು ಎರಡನೆಯ ಸಲ ಬಂದಾಗ ಸಾವಿತ್ರಿ ಕೂಗಿಯೇ ಬಿಟ್ಟಳು. ಕಂಡಕ್ಟರ್ ಹಿಂದೆ ಬಂದು ನೋಡಿ ಶಿಳ್ಳೆ ಊದಿದ. ಯಾರೋ “ಸ್ಟಾಪಿಲ್ಲದಲ್ಲಿ ಯಾಕ ನಿಲ್ಲಸ್ತಿ?” ಎಂದು ಗೊಣಗಿದರು. “ನಿನ್ನ ಹಡೆಯುವಾಗ ನಿಮ್ಮವ್ವ ಸ್ಟಾಪ್ ನೋಡಿದ್ಲೇನು?” ಎಂದ ಕಂಡಕ್ಟರ್. ರಸ್ತೆಯ ಬದಿಯಲ್ಲೇ ಒಂದು ಸರಕಾರಿ ಆರೋಗ್ಯ ಕೇಂದ್ರವಿತ್ತು, ನಮ್ಮನ್ನು ಅದರ ಗೇಟಿನ ಮುಂದೆಯೇ ಇಳಿಸಿದರು. ಆ ಊರಿನ ಹೆಸರು ಬರೆಯಬೇಡಿರಿ ಎಂದು ಅಲ್ಲಿಯ ಸಿಸ್ಟರ್ ಆಮೇಲೆ ಕೇಳಿಕೊಂಡರು, ಹಾಗಾಗಿ ಬರೆಯುತ್ತಿಲ್ಲ.

ಒಳಗೆ ಒಂದು ಮಂಚ, ಒಂದು ಕಪಾಟು, ಒಬ್ಬರೇ ಸಿಸ್ಟರ್. ಡಾಕ್ಟರಿಗೆ ಎರಡು ಕೇಂದ್ರ ಹಚ್ಚಿದ್ದಾರಂತೆ, ಆ ದಿನ ಇನ್ನೊಂದರ ಪಾಳಿ. ಸಿಸ್ಟರ್ ಸಾವಿತ್ರಿಯನ್ನು ಮಲಗಿಸಿ ಹೊಟ್ಟೆ ಮುಟ್ಟಿ ನೋಡಿದರು.

“ಕಾರ್ಡ್ ಎಲ್ಲೈತ್ರಿ?”

“ಬೀಗರ ಮನ್ಯಾಗ.”

“ಎಷ್ಟರಾಗ ಅದಾಳ?”

“ಒಂಬತ್ತು ಈಗ ಹತ್ತೈತ್ರಿ” ಎಂದೆ, ಎಂದಿನ ಹಾಗೆ ಗಟ್ಟಿಯಾಗಿ.

ಸಿಸ್ಟರ್ ಇನ್ನೊಮ್ಮೆ ಮುಟ್ಟಿದರು. “ಕೂಸಿನ ತಲಿ ಮ್ಯಾಲೈತಿ. ಈಗ ಒಂಬತ್ತು ಹತ್ತಿದ್ರ ಅಂಜಬ್ಯಾಡ್ರಿ, ತಿರುಗಾಕ ಇನ್ನೂ ವ್ಯಾಳೆ ಐತಿ. ಇದು ಸುಳ್ಳುಬ್ಯಾನಿ ಇರಬೌದು. ಮಲಗಲಿ, ಸಂಜಿತನಕ ನೋಡೂಣು. ಖರೆ, ದಿನಾ ತುಂಬಿದ್ರ ಮಾತು ಬ್ಯಾರೆ. ಚೊಚ್ಚಲು, ತಲಿ ಮ್ಯಾಲೆ, ಇಲ್ಲಿ ನನ್ನ ಕೈಲೆ ಆಗೂದಲ್ಲ. ಲೆಕ್ಕ ಬರೋಬ್ಬರಿ ಐತಿಲ್ರಿ?”

ಐತ್ರಿ ಅನ್ನಲು ಬಾಯಿ ತೆರೆದೆ. ಶಾಂತವ್ವ ನನ್ನ ಮುಖ ನೋಡಲಿಲ್ಲ, ನನ್ನ ಕೈ ನೋಡಿದಳು. ಬಲಗೈಯ ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಹೋದ ಶ್ರಾವಣದಲ್ಲಿ ಊರಿಗೆ ಊರೇ ಕೀಲು ಹಿಡಿಯುವ ಜ್ವರ ಬಿದ್ದಿತ್ತು. ನಾನು ಚಾಪೆ ಹಿಡಿದಿದ್ದೆ, ಕುಣಿಗೆ ಇಳಿಯಲು ಕಾಲು ಬಾಗುತ್ತಿರಲಿಲ್ಲ. ಇಡೀ ತಿಂಗಳು ಮಗ್ಗ ನಿಂತಿತ್ತು. ಹಾಸು ಇಳಿದಿರಲಿಲ್ಲ, ನಾನು ಎಣಿಸಿರಲಿಲ್ಲ. ಹೊಟ್ಟೆಯಲ್ಲಿದ್ದ ಕೂಸು ಮಾತ್ರ ನಿಂತಿರಲಿಲ್ಲ.

ನಿಜ ಬರೆಯುತ್ತೇನೆ, ಆ ಗಳಿಗೆಯಲ್ಲೂ ನನಗೆ ನಾಚಿಕೆಯಾಯಿತು. ಬಸವ್ವನಿಗೆ ಅಂಥ ಮಾತು ಅಂದು ಬಂದಿದ್ದೆ. ಸುಮ್ಮನಿದ್ದರೂ ನಡೆದೀತು, ಸಂಜೆಯವರೆಗೆ ನೋಡೋಣ ಅನ್ನುತ್ತಿದ್ದಾರಲ್ಲ ಎಂದು ಒಂದು ಮನಸ್ಸು. ಅಷ್ಟರಲ್ಲಿ ಸಾವಿತ್ರಿ ಮಂಚದ ಪಟ್ಟಿ ಗಟ್ಟಿ ಹಿಡಿದು, “ಯಪ್ಪಾ!” ಅಂದಳು. ಅವ್ವನನ್ನು ಕರೆಯಲಿಲ್ಲ, ನನ್ನನ್ನು ಕರೆದಳು.

“ಸಿಸ್ಟರ, ನನ್ನ ಲೆಕ್ಕ ತಪ್ಪೈತಿ. ಜ್ವರದಾಗ ಮಗ್ಗ ನಿಂತಿತ್ತು. ಒಂದು ತಿಂಗಳು ನಾ ಹಿಡದಿಲ್ಲ. ನಮ್ಮ ಬೀಗತಿ ಹೇಳಿದ್ರು, ನಾ ಕೇಳಲಿಲ್ಲ.”

ಸಿಸ್ಟರ್ ನನ್ನನ್ನು ಬೈಯಲಿಲ್ಲ. ಬೈಯಲು ಅವರಿಗೆ ಪುರುಸೊತ್ತಿರಲಿಲ್ಲ. ಕೈಗೆ ಗವಸು ಹಾಕಿ ಪರೀಕ್ಷೆ ಮಾಡಿದರು, ಅವರ ಮುಖ ಬಿಗಿಯಿತು. ಹೊರಗೆ ಓಡಿ ಎದುರಿನ ಅಂಗಡಿಯಿಂದ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಫೋನ್ ಹಚ್ಚಿದರು. ಬರುತ್ತ, “ಗಾಡಿ ನೋಡ್ರಿ ಕಾಕಾ, ಲಗೂನ!” ಎಂದು ಕೂಗಿದರು. ಕೇಂದ್ರಕ್ಕೆ ಗಾಡಿ ಇರಲಿಲ್ಲ.

ಸ್ಟ್ಯಾಂಡಿನಲ್ಲಿ ಹುಸೇನಸಾಬನೆಂಬಾತನ ಟ್ರ್ಯಾಕ್ಸು ಜೀಪು ಬಾಗಲಕೋಟೆಗೆ ಮಂದಿ ತುಂಬಿಕೊಂಡು ನಿಂತಿತ್ತು. ಹನ್ನೆರಡು ಜನ ಕುಳಿತಾಗಿತ್ತು. ನಾನು ಹೇಳಿದ್ದು ಅವನಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ, ನನ್ನ ಬಾಯಿ ಒಣಗಿತ್ತು. ಹಿಂದಿನ ಸೀಟಿನಿಂದ ಬದನೆಕಾಯಿ ಬುಟ್ಟಿಯ ಒಬ್ಬ ಮುದುಕಿ ಇಳಿದು, “ಇಳೀರಲೇ ಎಲ್ಲಾರೂ!” ಅಂದಳು.

ಕರಿ ಚೀಲದವನೊಬ್ಬ ಅಲುಗಲಿಲ್ಲ. “ಕೋರ್ಟಿನ್ಯಾಗ ನಂದು ಇವತ್ತ ತಾರೀಖ ಐತಬೇ.”

“ಆ ಕೂಸಿಂದೂ ಇವತ್ತ ತಾರೀಖ. ಅದನ್ನ ಮುಂದ ಹಾಕಾಕ ಬರೂದಿಲ್ಲ, ಇಳಿ!” ಎಂದಳು ಮುದುಕಿ. ಆತ ಇಳಿದ.

ಸಿಸ್ಟರ್ ತಾವೂ ಹತ್ತಿದರು. ಹಿಂದಿನ ಸೀಟಿನಲ್ಲಿ ಸಾವಿತ್ರಿಯ ತಲೆ ಶಾಂತವ್ವನ ತೊಡೆಯ ಮೇಲೆ, ನಾನು ಮುಂದೆ. ಬಾಗಲಕೋಟೆಗೆ ಇಪ್ಪತ್ತೈದು ಕಿಲೋಮೀಟರಿನ ಆಸುಪಾಸು. ಮಳೆ ಕಿತ್ತ ರಸ್ತೆಯನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ. ಹುಸೇನಸಾಬ ತಗ್ಗು ಬಂದಲ್ಲೆಲ್ಲ ಗಾಡಿಯನ್ನು ಹೊಲದ ಅಂಚಿಗೆ ಇಳಿಸಿ, ಮೆಲ್ಲಗೆ ಹತ್ತಿಸಿ, ಬಯಲು ಸಿಕ್ಕಲ್ಲಿ ಹಾರಿಸುತ್ತಿದ್ದ. ಹಿಂದಿನಿಂದ ಸಿಸ್ಟರ್ ಧ್ವನಿ ಮಾತ್ರ ನನಗೆ ಕೇಳುತ್ತಿತ್ತು.

“ತಿಣಕಬ್ಯಾಡ ತಂಗಿ. ಬಾಯಿಲೆ ಉಸಿರು ಬಿಡು. ಹಾ, ಹಂಗ. ತಿಣಕಬ್ಯಾಡ.”

ನಡುದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರು ಅಡ್ಡ ಬಂತು. ಹಿಂದೆ ಎರಡು ಟ್ರೇಲರು, ದಾರಿಯಷ್ಟೇ ಅಗಲ. ಹುಸೇನಸಾಬ ಹಾರ್ನಿನ ಮೇಲಿಟ್ಟ ಕೈ ತೆಗೆಯಲಿಲ್ಲ. ಟ್ರ್ಯಾಕ್ಟರಿನವನು ಹಾಡು ಹಚ್ಚಿಕೊಂಡಿದ್ದ, ಅವನಿಗೆ ಕೇಳಲಿಲ್ಲ. ನಾನು ಕಿಟಕಿಯಿಂದ ಅರ್ಧ ಹೊರಗೆ ಬಗ್ಗಿ ನನ್ನ ರುಮಾಲು ಬಿಚ್ಚಿ ಬೀಸಿದೆ, ಕೂಗಿದೆ, ಏನೇನೋ ಬೈದೆ. ಹಿಂದೆ ಸಿಸ್ಟರ್, “ಕಾಲು ಕಾಣಾಕತ್ತಾವ” ಅಂದರು. ರುಮಾಲನ್ನು ಇನ್ನೂ ಜೋರಾಗಿ ಬೀಸಿದೆ. ಟ್ರೇಲರಿನ ಕಬ್ಬಿನ ಮೇಲೆ ಮಲಗಿದ್ದ ಆಳೊಬ್ಬ ನನ್ನ ರುಮಾಲು ಕಂಡು ಎದ್ದು ಕುಳಿತು, ಮುಂದಿನವನಿಗೆ ಕಬ್ಬಿನ ತುಂಡು ಎಸೆದ. ಟ್ರ್ಯಾಕ್ಟರು ಪಕ್ಕಕ್ಕೆ ಸರಿಯಿತು.

ದವಾಖಾನೆಯ ಬಾಗಿಲಲ್ಲಿ ಗಾಲಿಮಂಚ ತಯಾರಾಗಿ ನಿಂತಿತ್ತು, ಸಿಸ್ಟರ್ ಮಾಡಿದ ಫೋನಿನ ಪುಣ್ಯ. ಹೊಟ್ಟೆ ಕೊಯ್ದು ಕೂಸು ತೆಗೆಯುವಷ್ಟು ಹೊತ್ತು ಉಳಿದಿರಲಿಲ್ಲವಂತೆ. ಡಾಕ್ಟರಮ್ಮ ಓಡುತ್ತಲೇ ಒಳಗೆ ಹೋದರು, ಸಿಸ್ಟರ್ ಅವರ ಹಿಂದೆ. ಬಾಗಿಲು ಮುಚ್ಚಿತು. ನಾನೂ ಶಾಂತವ್ವನೂ ಗೋಡೆಗೆ ಒರಗಿ ನಿಂತೆವು.

ಸಾವಿತ್ರಿಯ ಕೂಗು ಒಮ್ಮೆ ಜೋರಾಗಿ ಕೇಳಿ ನಿಂತಿತು. ಆಮೇಲೆ ಏನೂ ಇಲ್ಲ. ಕೂಸು ಅಳಬೇಕಲ್ಲ? ಅಳಲಿಲ್ಲ. ಒಳಗೆ ಯಾರೋ ಓಡಿದ ಸಪ್ಪಳ, ಏನೋ ಉರುಳಿದ ಸಪ್ಪಳ. “ಕೂಸು ಯಾಕ ಅಳವಲ್ದುರಿ?” ಎಂದು ಶಾಂತವ್ವ ನನ್ನ ತೋಳು ಹಿಡಿದಳು. ಅವಳ ಉಗುರು ಚರ್ಮಕ್ಕೆ ಇಳಿಯಿತು. ನನ್ನಿಂದಾದದ್ದು, ನನ್ನಿಂದಾದದ್ದು ಎಂದು ಒಳಗೊಳಗೇ ಅನ್ನುತ್ತಿದ್ದೆ. ಹೊರಗಿದ್ದ ಹುಸೇನಸಾಬನೂ ಬಂದು ನಮ್ಮ ಪಕ್ಕ ನಿಂತ.

ಆಮೇಲೆ ಬೆಕ್ಕಿನ ಮರಿಯ ಹಾಗೆ ಒಂದು ಸಣ್ಣ ದನಿ. ಅದರ ಮೇಲೆ ಇನ್ನೊಂದು. ಮೂರನೆಯದಕ್ಕೆ ಇಡೀ ವೆರಾಂಡಕ್ಕೆ ಕೇಳಿಸುವಂಥ ಅಳು!

ಸಿಸ್ಟರ್ ಹೊರಗೆ ಬಂದರು. ಅವರ ಬಿಳಿ ಸೀರೆ ಮುದ್ದೆಯಾಗಿತ್ತು. “ಹೆಣ್ಣು ಕೂಸು. ಅವ್ವಗ ಏನೂ ಕಡಿಮಿ ಇಲ್ಲ” ಅಂದರು. ಕೈ ಮುಗಿಯಲು ಹೋದೆ, ಹಿಡಿದುಬಿಟ್ಟರು. “ಕಾಕಾ, ತಪ್ಪು ನಿಮ್ದೊಬ್ಬರ್ದು ಅಲ್ಲ. ಗಂಡನ ಊರಿನ ಸಿಸ್ಟರ ಪಟ್ಟಿನ್ಯಾಗ ಹೆಸರಿರತೈತಿ, ಹುಡುಗಿ ಇರೂದಿಲ್ಲ. ತವರಿನ ಪಟ್ಟಿನ್ಯಾಗ ಹುಡುಗಿ ಇರತಾಳ, ಹೆಸರಿರೂದಿಲ್ಲ. ನಡುವ ಹಾದ್ಯಾಗ ಏನಾದ್ರೂ ಆದ್ರ ಯಾರು ನೋಡಬೇಕು? ಕಾರ್ಡು ಮಗಳ ಸಂಗಾಟ ಬರಬೇಕ್ರಿ, ಎಲ್ಲಾರಿಗೂ ಹೇಳ್ರಿ.” ಹೇಳುತ್ತಿದ್ದೇನೆ, ಅದಕ್ಕೇ ಇಷ್ಟು ಬರೆದೆ. ಕೇಂದ್ರದಲ್ಲಿ ಸೂಜಿ ಹಾಕಿಸಲು ಕೂಸುಗಳು ಕಾಯುತ್ತಿವೆ ಎಂದು ಚಹಾ ಕೂಡ ಕುಡಿಯದೆ ಅವರು ಹುಸೇನಸಾಬನ ಗಾಡಿಯಲ್ಲೇ ಹಿಂದಿರುಗಿದರು.

ಬೀಗರ ಊರಿನ ಕಿರಾಣಿ ಅಂಗಡಿಗೆ ನಾನೇ ಫೋನ್ ಮಾಡಿದೆ. ಬಸವ್ವನನ್ನು ಕರೆಸಿದರು.

“ಬಸವ್ವಾರ, ನಿಮ್ಮ ಲೆಕ್ಕನ ಖರೆ ಆತು. ಬಾಗಲಕೋಟ್ಯಾಗ ಹಡದಾಳ, ಹೆಣ್ಣು. ಇಬ್ಬರೂ ಅರಾಮ ಅದಾರ. ನಾ ಅಂದ ಮಾತು ಹೊಟ್ಟ್ಯಾಗ ಹಾಕ್ಕೋರಿ.”

“ಕೂಸಿಗೆ ಏನು ಸುತ್ತೀರಿ? ಥಂಡಿ ಐತಿ” ಅಂದರು. ನನ್ನ ರುಮಾಲು ಅಂದೆ. “ಅಯ್ಯ ಶಿವನ! ಬಂದೆ ತಡೀರಿ” ಎಂದು ಫೋನ್ ಇಟ್ಟರು.

ಹೊತ್ತು ಮುಳುಗುವ ಮೊದಲೇ ಬಂದರು. ಮಹಾಂತೇಶ ಮೈಮೇಲಿನ ಉಳ್ಳಾಗಡ್ಡಿ ಸಿಪ್ಪೆ ಕೂಡ ಝಾಡಿಸದೆ ಬಂದಿದ್ದ. ಸುದ್ದಿ ತಿಳಿದು ಇಳಕಲ್ಲಿನಿಂದ ನನ್ನ ಮಗನೂ ಸೊಸೆಯೂ ಹುನಗುಂದದಲ್ಲಿ ಬಸ್ಸು ಬದಲಿಸಿ ಬಂದು ಮುಟ್ಟಿದರು. ಸಾವಿತ್ರಿಯ ಮಂಚ ವಾರ್ಡಿನ ಬಾಗಿಲ ಹತ್ತಿರವೇ ಇತ್ತು. ಬಾಗಿಲ ಹೊರಗೆ ವೆರಾಂಡದಲ್ಲಿ ಬಸವ್ವ ಗಂಟು ಬಿಚ್ಚಿದರು: ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆಯಲ್ಲಿ ಮೊಸರು. ಸಾವಿತ್ರಿಗೆ ಬೇರೆ ಡಬ್ಬಿಯಲ್ಲಿ ತುಪ್ಪ ಹಾಕಿದ ಮೆತ್ತನೆಯ ಅನ್ನ.

ನಾನು ಹಿಂದೆ ಸರಿದು ಕುಳಿತಿದ್ದೆ. ಬಸವ್ವ ಮೊದಲ ರೊಟ್ಟಿಯ ಮೇಲೆ ಎಣ್ಣೆಗಾಯಿ ಹಾಕಿ ನನ್ನ ಕಡೆ ಚಾಚಿದರು.

“ತಗೋರಿ ಬೀಗರ. ಮುಂಜಾನಿಂದ ಬಾಯಾಗ ನೀರರ ಹಾಕ್ಕೊಂಡೀರೋ ಇಲ್ಲೋ?”

ಇಲ್ಲ ಎಂಬುದು ಅವರು ಕೇಳಿದಾಗಲೇ ನೆನಪಾಯಿತು. ನಮ್ಮಲ್ಲಿ ಯಾರೂ ಉಂಡಿರಲಿಲ್ಲ. ಒಳಗೆ ಶಾಂತವ್ವ ಮಗಳಿಗೆ ತುತ್ತು ಮಾಡಿ ಕೊಡುತ್ತಿದ್ದಳು. “ಇನ್ನೊಂದು ತುತ್ತು ಹಾಕಬೇ” ಎಂದು ಸಾವಿತ್ರಿ ಕೇಳಿದ್ದು ನಮಗೆಲ್ಲ ಕೇಳಿಸಿತು. ಮಹಾಂತೇಶ ತಲೆ ಬಗ್ಗಿಸಿ ಕಣ್ಣೊರೆಸಿಕೊಂಡು ಎರಡನೆಯ ರೊಟ್ಟಿ ಮುರಿದ. ಗೋಡೆಗೆ ಬೆನ್ನು ಕೊಟ್ಟು, ಸಾಲಾಗಿ ಕುಳಿತು, ಗಡಿಗೆಯ ಮೊಸರು ತೀರುವವರೆಗೂ ಉಂಡೆವು.