ತಾನೇ ನುಡಿಯುವ ಪಿಯಾನೋ

ಪಿಯಾನೋದ ತಳಕ್ಕೆ ಗರಗಸ ಹಾಕಿದ ದಿನ ನಾನು ಹಳೇಬೀಡಿನಲ್ಲೇ ಇದ್ದೆ. ಬೇಡ ಅಂದೆ, ಗೋಗರೆದೆ. ಅಣ್ಣ ಕೇಳಬೇಕಲ್ಲ.

ಅದು ಗೋಡೆಗೆ ಒರಗಿ ನಿಲ್ಲುವ, ಬೀರುವಿನಂಥ ಹಳೆಯ ಪಿಯಾನೋ. ಅರಸೀಕೆರೆಯ ರೈಲ್ವೆ ಕಾಲೋನಿಯಲ್ಲಿ ನನಗೆ ಪಾಠ ಹೇಳಿದ ಆಂಗ್ಲೋ ಇಂಡಿಯನ್ ಅಜ್ಜಿ ಊರು ಬಿಡುವಾಗ ನನಗೇ ಅಂತ ಕೊಟ್ಟು ಹೋದರು. ಜೋರಾಗಿ ಯಾರು ಬೇಕಾದರೂ ಬಡಿಯುತ್ತಾರೆ, ಮೆಲ್ಲಗೆ ನುಡಿಸುವುದೇ ವಿದ್ಯೆ ಎನ್ನುತ್ತಿದ್ದರು. ಆ ಮೆಲುದನಿ ಬೆರಳಿಗೆ ಹತ್ತುವ ಹೊತ್ತಿಗೆ ನನ್ನ ಅರ್ಧ ಆಯಸ್ಸು ಕಳೆದಿತ್ತು. ಅಪ್ಪನ ಮನೆ ಮಾರಿದಾಗ ನನ್ನ ಬಾಡಿಗೆ ಮನೆಯ ಮೆಟ್ಟಿಲಲ್ಲಿ ಅದು ಹಿಡಿಸಲಿಲ್ಲ. ಅಣ್ಣ ಹಳೇಬೀಡಿನ ತನ್ನ ಹೋಟೆಲಿನ ಹಾಲಿನಲ್ಲಿಟ್ಟ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹೋಗಿ ನುಡಿಸುತ್ತಿದ್ದೆ. ನನ್ನದು ಅಂತ ಇದ್ದದ್ದು ಅದೊಂದೇ.

ಊಟಕ್ಕೆ ಬರುವವರಿಗೆ ದಿನವೂ ಸಂಗೀತ ಇರಲಿ ಅಂತ ಅಣ್ಣ ಬೆಂಗಳೂರಿನ ಗುಜರಿಯಿಂದ ಒಂದು ಹಳೇ ಯಂತ್ರ ತಂದ. ಹಾಡು ತುಂಬಿದ, ಈಗ ಯಾರೂ ಬಳಸದ ಫ್ಲಾಪಿ ಹಾಕುವ ಪೆಟ್ಟಿಗೆ, ಜೊತೆಗೆ ಸಾಲಾಗಿ ತಾಮ್ರದ ಸುರುಳಿಗಳು. ಕೀಗಳ ಕೆಳಗಿನ ಹಲಗೆಯನ್ನು ಉದ್ದಕ್ಕೂ ಸೀಳಿ ಅವನ್ನು ಕೂರಿಸಿದರೆ, ಕರೆಂಟು ಹರಿದಾಗ ಸುರುಳಿಗಳೊಳಗಿನ ಕಡ್ಡಿಗಳು ಮೇಲೆದ್ದು ಕೀಗಳ ಹಿಂಬದಿಯನ್ನು ತಳ್ಳುತ್ತವೆ, ಪಿಯಾನೋ ತಾನೇ ನುಡಿಯುತ್ತದೆ.

"ದೇವಸ್ಥಾನದಲ್ಲೇ ನಗಾರಿ, ಜಾಗಟೆ ಎಲ್ಲ ಮಷೀನು ಬಡಿಯುತ್ತೆ. ದೇವರೇ ಸುಮ್ನಿದ್ದಾನೆ, ನಿಂದೇನೇ ರಗಳೆ?" ಅಂದ ಅಣ್ಣ.

ಜೋಡಿಸಲು ಕರೆಸಿದ್ದೂ ಅಂಥ ನಗಾರಿ ಯಂತ್ರಗಳನ್ನು ರಿಪೇರಿ ಮಾಡುವ ಹಾರನಹಳ್ಳಿ ಕಡೆಯವನನ್ನೇ. ಹಲಗೆಯನ್ನೇನೋ ನೀಟಾಗಿ ಸೀಳಿದ. ಆದರೆ ಮಂಗಳಾರತಿ ಬೀದಿಗೆ ಕೇಳಬೇಕು ಅನ್ನುವುದು ಅವನ ಕಸುಬಿನ ಅಭ್ಯಾಸ. ಎಲ್ಲ ಕೀಗೂ ಪೂರ್ತಿ ಜೋರು ಕೊಟ್ಟ. ಕೆಲವು ಸ್ವರ ಸಣ್ಣಗೆ ಬರಬೇಕಪ್ಪ ಎಂದೆ.

"ಯಾಕ್ರಮ್ಮ? ಈಗ ಎಲ್ಲಾ ಒಂದೇ ಸಮ ಐತೆ ನೋಡಿ" ಎಂದ, ಹೆಮ್ಮೆಯಿಂದ.

ಲಾಲಿ ಹಾಡು ಮಹಾಮಂಗಳಾರತಿಯಾಗಿ ಹೊರಬಂತು. ಅಣ್ಣನಿಗೆ ಖುಷಿಯೋ ಖುಷಿ. ಕಾಲಿನ ಪೆಡಲುಗಳನ್ನು ಬಿಚ್ಚಿ ಆ ಜಾಗಕ್ಕೆ ಟ್ರಾನ್ಸ್‌ಫಾರ್ಮರ್ ತುರುಕಿದ್ದರು. ಮುಂದಿನ ಭಾನುವಾರ ಹೋದರೆ, "ವೈರ್ ಗಿಯರ್ ಬಿಟ್ಟೋಗುತ್ತೆ, ಮುಟ್ಟಬೇಡ ಕಣೇ" ಅಂದ. ನನ್ನ ಪಿಯಾನೋ, ನಾನು ಮುಟ್ಟಬಾರದು! ಕಾಫಿಯನ್ನೂ ಕುಡಿಯದೆ ವಾಪಸ್ ಬಂದೆ.

ಕೆಲವು ತಿಂಗಳ ಮೇಲೆ ಅವನೇ ಫೋನ್ ಮಾಡಿದ. ಬೇಲೂರು ನೋಡಿಕೊಂಡು ದೊಡ್ಡ ಗುಂಪೊಂದು ಊಟಕ್ಕೆ ಬರುತ್ತದಂತೆ. "ಸ್ಟೂಲ್ ಖಾಲಿ ಇದ್ರೆ ದೆವ್ವ ನುಡಿಸ್ದಂಗೆ ಕಾಣುತ್ತೆ ಅಂತಾರೆ ಜನ. ರೇಷ್ಮೆ ಸೀರೆ ಉಟ್ಕೊಂಡು ಬಾರೆ. ಬರೀ ಕೈ ಆಡಿಸಿದ್ರೆ ಸಾಕು."

ಹೋದೆ. ಅದರ ಮುಂದೆ ಕೂರಲು ನನಗೆ ಬೇರೆ ನೆಪ ಉಳಿದಿರಲಿಲ್ಲ.

ನನ್ನ ಬೆರಳು ಮುಟ್ಟುವ ಮೊದಲೇ ಕೀಗಳು ತಗ್ಗುತ್ತಿದ್ದವು. ಗಾಳಿಯಲ್ಲಿ ಕೈಯಾಡಿಸುತ್ತ ಕೂತೆ. ಹಿಂದೆ ತಟ್ಟೆ ಲೋಟಗಳ ಸದ್ದು. ಯಾರೋ ಫೋಟೋಗೆ ಈ ಕಡೆ ನೋಡಿ ಮೇಡಂ ಅಂದರು, ನೋಡಿದೆ. ಹಾಡು ಒಂದು ಕಡೆ ಗಳಿಗೆ ನಿಂತಾಗ ತಡೆಯಲಾಗಲಿಲ್ಲ. ಒಂದೇ ಒಂದು ಕೀಯನ್ನು ನಾನೇ ಮೆಲ್ಲಗೆ ಒತ್ತಿದೆ.

ಅಣ್ಣ ನಗುನಗುತ್ತಲೇ ಬಂದು ಕಿವಿಯ ಹತ್ತಿರ ಬಗ್ಗಿದ. "ತಪ್ಪು ಸ್ವರ ಬಂತಲ್ಲೇ. ನಿನಗ್ಯಾಕೆ ಬೇಕಿತ್ತು?"

ಜನ ಚಪ್ಪಾಳೆ ತಟ್ಟಿದರು. ನಾನು ಎದ್ದು ಕೈಮುಗಿದೆ.