ಅಂಕಣದೊಳಗೆ ನುಗ್ಗಿದ ಅಪ್ಪ

ಗಂಡಸಿಯ ನಮ್ಮ ತೆಂಗಿನ ತೋಟದ ಅಂಚಿನಲ್ಲಿ ಅಪ್ಪ ಸುಣ್ಣದ ಗೆರೆ ಎಳೆದು ಕಬಡ್ಡಿ ಅಂಕಣ ಮಾಡಿದ್ದರು. ಹಗಲು ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ, ಸಂಜೆ ನನಗೂ ಅಣ್ಣನಿಗೂ ಪಾಠ. ಪ್ರಾಯದಲ್ಲಿ ಅಪ್ಪ ಸುತ್ತಲ ಊರುಗಳಲ್ಲೆಲ್ಲ ಹೆಸರಾದ ಆಟಗಾರ. ಮಂಡಿ ಮುರಿದುಕೊಂಡು ಆಟ ಬಿಟ್ಟ ಮೇಲೆ, ತಾವು ಆಡದೆ ಉಳಿದದ್ದನ್ನೆಲ್ಲ ನಮ್ಮ ಮೈಯಿಂದ ಹಿಂಡಲು ನೋಡಿದರು. ಅಣ್ಣ ಸಿಕ್ಕಿಬಿದ್ದರೆ ಹುಣಸೆ ಬರಲಿನ ಏಟು ಕಾಲಿಗೆ ಬೀಳುತ್ತಿತ್ತು. ನಾನು ಹಿಡಿದವರನ್ನು ಬಿಟ್ಟರೆ ಬೆರಳ ಗೆಣ್ಣಿಗೆ.

"ಬಿಟ್ಬಿಟ್ಯೇನೆ? ಕೈ ಮುರಿದ್ರೂ ಬಿಡಬಾರ್ದು ಕಣೇ!"

ಅಮ್ಮ ಅರಿಶಿನ ಕಾಯಿಸಿ ಹಚ್ಚುತ್ತಿದ್ದಳು. ಅಷ್ಟೇ.

ತೊಂಬತ್ತರ ದಶಕ ಮುಗಿಯುತ್ತಿತ್ತು. ಬೇಲೂರಿನಲ್ಲಿ ಹೈಸ್ಕೂಲು ಹುಡುಗರ ಪಂದ್ಯ; ಅಪ್ಪನ ಜೊತೆ ನಾನೂ ನೋಡಲು ಹೋಗಿದ್ದೆ. ಕೊನೆಯ ರೈಡಿಗೆ ಅಣ್ಣ ಹೋದ. ಎದುರಾಳಿಗಳು ಮೂವರು ಒಟ್ಟಿಗೆ ಮೇಲೆ ಬಿದ್ದರು. ಕಬಡ್ಡಿ ಕಬಡ್ಡಿ ಎನ್ನುತ್ತಿದ್ದ ಅವನ ಉಸಿರು ಕಡಿಯಿತು, ಪಂದ್ಯ ಕೈತಪ್ಪಿತು. ಎದ್ದಾಗ ಬಲಭುಜ ಜೋತುಬಿದ್ದಿತ್ತು. ಬಾಯಲ್ಲಿ ಮಣ್ಣು, ರಕ್ತ.

ಅಪ್ಪ ಅಂಕಣದೊಳಗೆ ನುಗ್ಗಿದರು. "ಏನ್ಲಾ, ಇಷ್ಟ್ ಜನದ ಮುಂದೆ ನನ್ ಮಾನ ಕಳೆದ್ಯಲ್ಲಾ!" ಎಂದು ಕೆನ್ನೆಗೆ ಬಾರಿಸಿದರು. ಅಣ್ಣ ಬಿದ್ದ. ಬಿದ್ದವನ ಪಕ್ಕೆಗೆ ಒದ್ದರು. ಮೇಷ್ಟ್ರು "ಬಿಡಿ ಯಜಮಾನ್ರೇ" ಎನ್ನುತ್ತ ನಿಂತಲ್ಲೇ ನಿಂತಿದ್ದರು. ಅಪ್ಪ ಮಗನಿಗೆ ಹೊಡೆದರೆ ಯಾರು ಅಡ್ಡ ಬರುತ್ತಾರೆ?

ನಾನು ಯಾವಾಗ ಓಡಿದೆನೋ ನೆನಪಿಲ್ಲ. ಮತ್ತೆ ಒದೆಯಲು ಅಪ್ಪ ಕಾಲೆತ್ತಿದಾಗ, ನೆಲದ ಮೇಲಿದ್ದ ಇನ್ನೊಂದು ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ. ಅಂಗಾತ ಬಿದ್ದರು. ನನ್ನ ಜಡೆ ಹಿಡಿದು ಬೆನ್ನಿಗೆ ಗುದ್ದಿದರು. ಬಿಡಲಿಲ್ಲ.

"ಬಿಡೇ, ಕಾಲು ಮುರೀತೈತೆ!"

"ಅಣ್ಣನ್ನ ಮುಟ್ಟಲ್ಲ ಅನ್ನಿ, ಬಿಡ್ತೀನಿ."

ಅಪ್ಪ ಅನ್ನಲಿಲ್ಲ. ಜನ ಬಂದು ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು.

ಮನೆಯಲ್ಲಿ ಅಮ್ಮ ಅಣ್ಣನ ಕಟ್ಟು ಹಾಕಿದ ಭುಜವನ್ನು ನೋಡಿದಳು, ನನ್ನ ಬೆನ್ನು ನೋಡಿದಳು. ಎಳನೀರು ಕೆತ್ತುವ ಮಚ್ಚು ತಂದು ಅಪ್ಪನ ಎದುರು ನಿಂತಳು. "ಇನ್ನೊಂದ್ಸಲ ಮಕ್ಕಳ ಮೇಲೆ ಕೈ ಎತ್ತಿ ನೋಡಿ. ಆ ಕೈ ಇರಲ್ಲ ಕಣ್ರೀ."

ಅಪ್ಪ ಮತ್ತೆ ಹೊಡೆಯಲಿಲ್ಲ. ಅಂಕಣವನ್ನು ಅಗೆಸಿ ತೆಂಗಿನ ಸಸಿ ಇಡಿಸಿದರು. ನನ್ನೊಡನೆ ಬಹಳ ಕಾಲ ಮಾತು ಬಿಟ್ಟರು. ಅಣ್ಣ ಆಟದ ಹತ್ತಿರವೂ ಸುಳಿಯಲಿಲ್ಲ. ನಾನು ಕಾಲೇಜಿನಲ್ಲೂ ಆಡಿದೆ, ಆಮೇಲೆ ಹಳೇಬೀಡಿನಲ್ಲಿ ಹೆಣ್ಣುಮಕ್ಕಳಿಗೆ ಕಬಡ್ಡಿ ಕಲಿಸಲು ನಿಂತೆ.

ಅಲ್ಲೊಂದು ದಿನ, ಸೋತ ಹುಡುಗಿಯೊಬ್ಬಳ ಅಪ್ಪ ಗೆರೆ ದಾಟಿ ಬಂದು ಅವಳ ಕೂದಲಿಗೆ ಕೈ ಹಾಕಿದ. ನಡುವೆ ನುಗ್ಗಿದೆ.

"ನನ್ ಮಗಳು, ಕೊಲ್ತೀನಿ. ಕೇಳಕ್ಕೆ ನೀನ್ಯಾರು?"

"ಅವಳಿಗೆ ಆಟ ಕಲಿಸೋಳು. ಆಚೆ ನಡೀರಿ."

ಅವನ ಏಟು ನನ್ನ ಬಾಯಿಗೆ ಬಿತ್ತು. ತುಟಿ ಒಡೆಯಿತು. ತಿರುಗಿಸಿ ಹೊಡೆಯಲು ನನ್ನ ಮುಷ್ಟಿ ಎದ್ದಿತ್ತು. ಅದು ಥೇಟ್ ನನ್ನಪ್ಪನ ಮುಷ್ಟಿ. ಹಿಂದೆ ಹುಡುಗಿಯರು ನೋಡುತ್ತಿದ್ದರು. ಕೈ ಇಳಿಸಿದೆ, ಜಾಗ ಬಿಡಲಿಲ್ಲ. ರಕ್ತ ನೋಡಿ ಅವನೇ ಹಿಂದೆ ಸರಿದ.

ಮರುದಿನ ಹುಡುಗಿ ಬಂದಳು, ಅವಳಪ್ಪನೂ. ಅವನು ಬೇಲಿಯಾಚೆ ನಿಂತ. ಇವತ್ತಿಗೂ ಯಾರಾದರೂ ಸೋತು ಬಂದರೆ ನನಗೆ ಮೈ ಉರಿಯುತ್ತದೆ. ಅವರಿಗೆ ನೀರು ಕೊಟ್ಟು ಕೂರಿಸುತ್ತೇನೆ. ನನ್ನ ಸಿಟ್ಟು ಇಳಿದ ಮೇಲೆಯೇ ಆಟದ ಮಾತು.