ಅಕ್ಕ ಕೆಚ್ಚಿದ ಹಾಸು

ಜೀವನಪೂರ್ತಿ ಗಣಿತ ಕಲಿಸಿದವನಿಗೆ ನಿವೃತ್ತಿಯ ನಂತರ ಎರಡೇ ದಾರಿ. ಒಂದೋ ಮನೆಯವರ ತಪ್ಪು ತಿದ್ದುತ್ತ ಕೂಡಬೇಕು, ಇಲ್ಲವೇ ಏನಾದರೊಂದು ಹವ್ಯಾಸ ಹಿಡಿಯಬೇಕು. ನಾನು ಮೊದಲನೆಯದನ್ನು ಆರು ತಿಂಗಳು ಮಾಡಿ ನೋಡಿದೆ. ಚಹಾದ ಸಕ್ಕರೆ, ರಂಗೋಲಿಯ ಚುಕ್ಕಿ, ಕಾಯಿಪಲ್ಲೆ ಹೆಚ್ಚುವ ರೀತಿ, ಎಲ್ಲದರಲ್ಲೂ ನನಗೆ ತಪ್ಪು ಸಿಕ್ಕಿತು. ಏಳನೆಯ ತಿಂಗಳು ಹೆಂಡತಿ ಮೊಬೈಲನ್ನು ನನ್ನ ಮೂಗಿನ ಮುಂದೆ ಹಿಡಿದಳು. ಅದರಲ್ಲೊಂದು ಮೇಜಿನ ಮೇಲಿಡುವ ಪುಟ್ಟ ಮಗ್ಗದ ಚಿತ್ರವಿತ್ತು.

"ಇದನ್ನರ ತರಿಸ್ಕೊಳ್ರಿ. ಎಳಿ ಎಣಸ್ಕೋತ ಕುಂದರ್ರಿ. ನಮಗೂ ಸ್ವಲ್ಪ ಆರಾಮ ಸಿಗತೈತಿ."

ಹಾವೇರಿಯ ನಮ್ಮ ಮನೆಗೆ ಮಗ್ಗ ಬಂದದ್ದು ಹೀಗೆ. ಅದನ್ನು ಮಗ್ಗ ಎನ್ನಲು ನನಗೆ ನಾಚಿಕೆಯೇ ಆಗುತ್ತಿತ್ತು. ನಾನು ರಾಣೆಬೆನ್ನೂರಿನ ನೇಕಾರರ ಓಣಿಯಲ್ಲಿ ಹುಟ್ಟಿದವನು. ಅಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ದಿನವಿಡೀ ಬೇರೆಯವರ ಮಗ್ಗದಲ್ಲಿ ನೇಯುತ್ತಿದ್ದ. ಅದರಿಂದ ತಪ್ಪಿಸಿಕೊಳ್ಳಲೆಂದೇ ನಾನು ಓದಿದ್ದು. ಈಗ ಅದೇ ಕೆಲಸವನ್ನು ದುಡ್ಡು ಕೊಟ್ಟು, ರಟ್ಟಿನ ಡಬ್ಬಿಯಲ್ಲಿ ತರಿಸಿ, ಮನಸ್ಸಿಗೆ ನೆಮ್ಮದಿ ಎಂದು ಹೇಳಿಕೊಂಡು ಮಾಡತೊಡಗಿದೆ. ಅಪ್ಪ ಇದ್ದಿದ್ದರೆ ನನಗೆ ಹುಚ್ಚು ಹಿಡಿದಿದೆ ಎಂದು ದೇವರಗುಡ್ಡಕ್ಕೆ ಕರೆದೊಯ್ಯುತ್ತಿದ್ದ.

ಈ ಮಗ್ಗಕ್ಕೆ ಇರುವುದು ಹಣಿಗೆ ಮಾತ್ರ. ಹಣಿಗೆ ಎಂದರೆ ಬಾಚಣಿಗೆಯಂಥ ಚೌಕಟ್ಟು. ಅದರಲ್ಲಿ ಒಂದು ಸೀಳು, ಒಂದು ತೂತು, ಮತ್ತೆ ಸೀಳು, ಮತ್ತೆ ತೂತು. ತೂತಿನ ಎಳೆ ಹಣಿಗೆಯ ಜೊತೆ ಏಳುತ್ತದೆ, ಸೀಳಿನ ಎಳೆ ಇದ್ದಲ್ಲೇ ಇರುತ್ತದೆ. ಒಂದು ಹಣಿಗೆಯಿಂದ ಸಾದಾ ಬಟ್ಟೆ ಬರುತ್ತದೆ. ಸಾದಾ ಬಟ್ಟೆ ನೇಯಲು ಗಣಿತದ ಮೇಷ್ಟ್ರು ಯಾಕೆ ಬೇಕು? ನಾನು ಮೂರು ಹಣಿಗೆ ಜೋಡಿಸಿದೆ. ಎರಡು ಎಳೆ ಮೇಲೆ, ಎರಡು ಕೆಳಗೆ, ಸಾಲಿನಿಂದ ಸಾಲಿಗೆ ಒಂದೊಂದು ಎಳೆ ಪಕ್ಕಕ್ಕೆ ಸರಿಯುತ್ತ ಹೋದರೆ ಬಟ್ಟೆಯ ಮೇಲೆ ಓರೆ ಗೆರೆ ಮೂಡುತ್ತದೆ. ಜೀನ್ಸ್ ಪ್ಯಾಂಟನ್ನು ಹತ್ತಿರದಿಂದ ನೋಡಿದವರಿಗೆ ಅದು ಗೊತ್ತು. ನಾನು ಗ್ರಾಫ್ ಹಾಳೆಯಲ್ಲಿ ಎಲ್ಲವನ್ನೂ ಬರೆದು, ಯಾವ ಎಳೆ ಯಾವ ಹಣಿಗೆಯ ತೂತಿಗೆ ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿದೆ.

ನೇಯಬೇಕಾದದ್ದು ಅಕ್ಕನಿಗೊಂದು ಶಾಲು. ಬ್ಯಾಡಗಿಯಲ್ಲಿ ಅವಳ ಮೊಮ್ಮಗಳ ಮದುವೆಯಿತ್ತು, ಅದಕ್ಕೆ ಹೊದೆಯಲೆಂದು. ಅಕ್ಕ ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮನೆಮನೆಗೆ ಹೋಗಿ ಹಾಸು ಕೆಚ್ಚುತ್ತಿದ್ದಳು. ಹಾಸು ಎಂದರೆ ಮಗ್ಗಕ್ಕೆ ಉದ್ದುದ್ದ ಕಟ್ಟುವ ಎಳೆಗಳು. ಒಂದು ಹಾಸು ನೇಯ್ದು ಮುಗಿದಾಗ ಬಟ್ಟೆ ಕೊಯ್ದು, ಎಳೆಗಳ ತುದಿಯನ್ನು ಹಣಿಗೆಯಲ್ಲೇ ಬಿಡುತ್ತಾರೆ. ಆ ಒಂದೊಂದು ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಹೊಸೆದು ಕೂಡಿಸುವುದೇ ಕೆಚ್ಚುವುದು. ಹಣಿಗೆಗೆ ಮೊದಲಿನಿಂದ ಪೋಣಿಸುವ ಕಷ್ಟ ತಪ್ಪುತ್ತದೆ. ನನ್ನ ಪಾಟಿ, ಪುಸ್ತಕ, ಧಾರವಾಡದ ಕಾಲೇಜು, ಎಲ್ಲ ಅವಳ ಆ ಬೆರಳುಗಳಿಂದ ಬಂದದ್ದು. ಅವಳಿಗೆ ಒಂದೇ ಒಂದು ತಪ್ಪಿಲ್ಲದ ಬಟ್ಟೆ ಕೊಟ್ಟು, "ಚಲೋ ಆಗೇತಿ" ಎನ್ನಿಸಿಕೊಳ್ಳಬೇಕು ಎಂಬುದೊಂದೇ ನನ್ನ ಆಸೆ. ಬಣ್ಣ ಕೇಳಿದಾಗ ಅವಳು ಫೋನಿನಲ್ಲಿ, "ಕೆಂಪ ಒಂದ ಬ್ಯಾಡೋ ತಮ್ಮಾ. ಬ್ಯಾಡಗ್ಯಾಗ ನಾನೂ ಒಂದ ಮೆಣಸಿನಕಾಯಿ ಚೀಲ ಆಗತೇನಿ" ಎಂದಿದ್ದಳು. ಹಾಗಾಗಿ ನೀಲಿ ಮತ್ತು ಬೂದು.

ಮೊದಲ ಶಾಲು ಗೇಣುದ್ದ ನೇಯ್ದಾಗಲೇ, ಅಗಲದ ನಡುವೆ ಓರೆ ಗೆರೆಗಳು ಒಂದು ಕಡೆ ಮುಗ್ಗರಿಸಿದಂತೆ ಕಂಡವು. ನಾನು ಕನ್ನಡಕ ಒರೆಸಿದೆ. ಮರುದಿನ ಟ್ಯೂಬ್‌ಲೈಟ್ ಬದಲಿಸಿದೆ. ಬೇರೆಯವರ ಉತ್ತರ ಪತ್ರಿಕೆಯಾಗಿದ್ದರೆ ಬಾಗಿಲಲ್ಲಿ ನಿಂತೇ ತಪ್ಪು ಹಿಡಿಯುತ್ತಿದ್ದೆ. ಶಾಲು ಮುಗಿದು ಬೆಳಕಿಗೆ ಹಿಡಿದಾಗ ಆ ಗೀರು ಈ ತುದಿಯಿಂದ ಆ ತುದಿಗೆ ನೆಟ್ಟಗೆ ಓಡಿತ್ತು. ಎರಡನೆಯ ಹಣಿಗೆಯ ತೂತಿಗೆ ಹೋಗಬೇಕಾದ ಎಳೆ ಮೂರನೆಯದಕ್ಕೆ, ಮೂರನೆಯದು ಎರಡನೆಯದಕ್ಕೆ ಹೋಗಿದ್ದವು. ಯಾರಿಗೂ ಹೇಳದೆ ಶಾಲನ್ನು ಟ್ರಂಕಿನ ತಳಕ್ಕೆ ಸೇರಿಸಿದೆ. ಇನ್ನೊಂದು ಹಾಸು ಅಳೆದು ಗೋಡೆಯ ಮೊಳೆಗೆ ತೂಗುಹಾಕಿದೆ. ಹಣಿಗೆಯಲ್ಲಿ ಉಳಿದ ತುದಿಗಳನ್ನೆಲ್ಲ ನಾಳೆ ಕಿತ್ತು ಮೊದಲಿನಿಂದ ಪೋಣಿಸಬೇಕು ಎಂದುಕೊಂಡು, ಹತ್ತಿರದ ಅಗಡಿ ಊರಲ್ಲಿ ಒಂದು ಮನೆ ತುಂಬುವ ಕಾರ್ಯಕ್ಕೆ ಹೋದೆ.

ಸಂಜೆ ಬಂದರೆ ಅಕ್ಕ ಮಗ್ಗದ ಮುಂದೆ ಕೂತಿದ್ದಳು. ಲಗ್ನಪತ್ರಿಕೆ ಕೊಡಲು ರಾಣೆಬೆನ್ನೂರಿನಿಂದ ಬಸ್ಸಿನಲ್ಲಿ ಬಂದವಳು ಮಧ್ಯಾಹ್ನ ಊಟವಾದ ಮೇಲೆ ಸುಮ್ಮನೆ ಕೂತಿರಲಿಲ್ಲ. ಬೆರಳು ಜಾರದಿರಲೆಂದು ದೇವರ ಜಗಲಿಯ ವಿಭೂತಿ ಹಚ್ಚಿಕೊಂಡು, ಇನ್ನೂರ ನಲವತ್ತು ಎಳೆಗಳನ್ನೂ ಕೆಚ್ಚಿಬಿಟ್ಟಿದ್ದಳು.

"ತುದಿ ಬಿಟ್ಟಿದ್ದೆಲ್ಲ, ಕೆಚ್ಚಾಕ ಬಿಟ್ಟಿ ಅಂತ ತಿಳಕೊಂಡೆ. ಕೈಗೆ ಇನ್ನೂ ನೆನಪೈತಿ ನೋಡು" ಎಂದು ಬೂದಿ ಬಳಿದ ಬೆರಳು ತೋರಿಸಿದಳು.

ಹಳೆಯ ತುದಿಗೆ ಕೂಡಿಸಿದರೆ ಹಳೆಯ ತಪ್ಪೂ ಬಂದೇ ಬರುತ್ತದೆ. ಆದರೆ ಎಪ್ಪತ್ತು ದಾಟಿದ ಅವಳ ಮುಖದಲ್ಲಿದ್ದ ಹಿಗ್ಗು ನೋಡಿ ಟ್ರಂಕಿನ ಶಾಲನ್ನು ತೆಗೆದು ತೋರಿಸಲು ಮನಸ್ಸಾಗಲಿಲ್ಲ. ಇಷ್ಟು ಪಳಗಿದ ಕೈ ಅದನ್ನು ಕಂಡು ಸರಿಮಾಡಿರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಬೆಳಗ್ಗೆ ಅವಳನ್ನು ಪಕ್ಕದಲ್ಲಿ ಕೂಡಿಸಿಕೊಂಡು ನೇಯತೊಡಗಿದೆ. ಮೊಳದುದ್ದ ಆಗುವಷ್ಟರಲ್ಲಿ ಅದೇ ಗೀರು, ಅದೇ ಜಾಗದಲ್ಲಿ, ನನ್ನನ್ನು ನೋಡಿ ನಕ್ಕಿತು.

ಸಿಟ್ಟು ನೆತ್ತಿಗೇರಿತು. ಮದುವೆಗೆ ಉಳಿದದ್ದು ಎಂಟು ದಿನ.

"ಕಣ್ಣ ಆಪರೇಶನ್ ಮಾಡಿಸ್ಕೊಂಡೂ ಕಾಣಲಿಲ್ಲೇನ ಅಕ್ಕಾ? ಎರಡ ಎಳಿ ಅದಲಿ ಬದಲಿ ಆಗ್ಯಾವಿಲ್ಲಿ! ಸಾಲಿ ಬಿಟ್ರ ಹಿಂಗ ಆಗತೈತಿ!"

ಆಡಿದ ಮಾತು ಬಾಯಿಂದ ಹೊರಬಿದ್ದ ಮೇಲೆ ನನಗೇ ಕೇಳಿಸಿತು. ಒಳಗೆ ಒಗ್ಗರಣೆ ಹಾಕುತ್ತಿದ್ದ ಹೆಂಡತಿ ಸೌಟು ಹಿಡಿದೇ ಬಾಗಿಲಿಗೆ ಬಂದಳು. ಅಕ್ಕ ಮಾತ್ರ ಸಿಟ್ಟಾಗಲಿಲ್ಲ.

"ಕಂಡಿತ್ತೋ ತಮ್ಮಾ. ಮುಟ್ಟಿದ ಕೂಡ್ಲೇ ಬೆರಳಿಗೆ ತಿಳೀತು."

"ಮತ್ಯಾಕ ಹಂಗ ಕೆಚ್ಚಿದಿ?"

"ಮಗ್ಗ ನಿಂದು. ಕೆಚ್ಚಾಕಿ ಮಾಲಕರ ಎಳಿ ತಿದ್ದಬಾರದು, ಇದ್ದದ್ದು ಇದ್ದಂಗ ಕೂಡಸಬೇಕು. ಸಣ್ಣಾಕಿದ್ದಾಗ ಒಂದ ಸಲ ತಿದ್ದಿದ್ದೆ. ಮಾಲಕ ಲಾಳಿ ತಗೊಂಡು ಈ ಬೆರಳಿಗೆ ಹೊಡದ. 'ನೀ ಏನ ಸಾಲಿ ಮಾಸ್ತರೇನ, ತಿದ್ದಾಕ?' ಅಂದ. ಅವತ್ತಿಂದ ತಿದ್ದಿಲ್ಲ."

ನನ್ನ ಕಣ್ಣು ಆ ಬೆರಳಿಗೆ ಹೋಯಿತು. ಅದರ ಗೆಣ್ಣು ಸ್ವಲ್ಪ ಸೊಟ್ಟಗಿರುವುದನ್ನು ಚಿಕ್ಕಂದಿನಿಂದ ನೋಡಿದ್ದೆ. ಹುಟ್ಟಿನಿಂದಲೇ ಹಾಗೆ ಎಂದುಕೊಂಡಿದ್ದೆ. ಊರಮಕ್ಕಳ ತಪ್ಪನ್ನೆಲ್ಲ ಕೆಂಪು ಶಾಯಿಯಲ್ಲಿ ಗೀಚಿದವನು ಇದೊಂದನ್ನು ಎಂದೂ ಕೇಳಿರಲಿಲ್ಲ. ಬಹಳ ನಾಚಿಕೆಯಾಯಿತು.

"ಈಗ ತಿದ್ದತೀಯೇನಕ್ಕಾ?"

"ನೀ ಹೇಳಿದ್ರ ತಿದ್ದತೇನಿ."

ಅದಲುಬದಲಾಗಿದ್ದ ಎರಡೇ ಎಳೆ ಕತ್ತರಿಸಿದಳು. ಹಣಿಗೆಯಿಂದ ಹೊರಗೆಳೆದು, ಅದರ ತೂತಿಗೆ ಇದು, ಇದರ ತೂತಿಗೆ ಅದು ಪೋಣಿಸಿ, ನಾಲ್ಕು ಬೆರಳು ನೂಲು ಸೇರಿಸಿ ಹೊಸೆದಳು. ಅಷ್ಟರಲ್ಲಿ ಒಳಗೆ ಚಹಾ ಕೂಡ ಕುದಿದಿರಲಿಲ್ಲ. ಇದಕ್ಕೆ ನಾನು ಗ್ರಾಫ್ ಹಾಳೆಯಲ್ಲಿ ಹಾಕಿಕೊಂಡಿದ್ದ ಅಂದಾಜು ಎರಡು ದಿನ. ನಾಲ್ಕು ಸಾಲು ನೇಯ್ದೆ. ಓರೆ ಗೆರೆ ಎಲ್ಲೂ ತಡೆಯದೆ ಸರಿಯಾಗಿ ಹೋಯಿತು.

ಅಕ್ಕ ಬಗ್ಗಿ ನೋಡಿ, "ಎಷ್ಟ ಮಾರ್ಕ್ಸ್ ಕೊಡತಿ ಮಾಸ್ತರ?" ಎಂದಳು. ನಗುತ್ತ ಕೇಳಿದಳು, ಆದರೆ ಉತ್ತರಕ್ಕೆ ಕಾದಳು.

ನನ್ನ ಸೇವೆಯಲ್ಲಿ ನಾನು ಯಾರಿಗೂ ನೂರಕ್ಕೆ ನೂರು ಕೊಟ್ಟವನಲ್ಲ. ಬೇರೆ ಏನೂ ಸಿಗದಿದ್ದರೆ ಅಕ್ಷರ ಸೊಟ್ಟಗಿದೆ ಎಂದು ಒಂದು ಅಂಕ ಕಡಿಯುತ್ತಿದ್ದೆ. "ನೂರಕ್ಕ ನೂರು" ಎಂದೆ. ನೇಯ್ದ ಮೊಳವನ್ನು ಬಿಚ್ಚಿ ಮತ್ತೆ ನೇಯುತ್ತೇನೆ ಎಂದಾಗ ಅವಳು ಬಿಡಲಿಲ್ಲ.

"ಬಿಚ್ಚಿದ್ರ ನಾ ಏನ ತಿದ್ದೇನಿ ಅಂತ ಯಾರಿಗೆ ಗೊತ್ತಾಗಬೇಕು?"

ಮದುವೆಯಲ್ಲಿ ಅಕ್ಕ ಆ ಶಾಲನ್ನು ಹೊದ್ದಳು. ತಪ್ಪಿರುವ ತುದಿ ಒಳಗೆ ಹೋಗುವಂತೆ ನಾನು ಎರಡು ಸಲ ಮಡಚಿಕೊಟ್ಟೆ, ಎರಡು ಸಲವೂ ಅವಳು ಹೊರಗೆ ತೆಗೆದಳು. ಬೀಗರು, ಅಡುಗೆಯವರು, ಫೋಟೋ ತೆಗೆಯುವವನು, ಯಾರನ್ನೂ ಬಿಡದೆ ಕರೆದು ತೋರಿಸಿದಳು. "ಇಲ್ಲೀತನಕ ಮಾಸ್ತರ ತಪ್ಪು ಮಾಡ್ಯಾನ. ಇಲ್ಲಿ ನಾ ತಿದ್ದೇನಿ. ನೂರಕ್ಕ ನೂರ ಕೊಟ್ಟಾನ, ಕೇಳ್ರಿ ಬೇಕಾದ್ರ."

ಅವರು ಬಂದು ಕೇಳಿದರು. ನಾನು ಊಟದ ಸಾಲಿನಲ್ಲಿ ಕೂತು, ಎಲ್ಲರಿಗೂ ಹೌದು ಎಂದೆ. ಶಾಲು ಚಲೋ ಆಗಿದೆ ಎಂದು ಅವಳು ಇವತ್ತಿಗೂ ಹೇಳಿಲ್ಲ.